ಮಗುವಿನ ಶೌಚಾಭ್ಯಾಸ: ಪಾಟಿಯೋ, ಕಮೋಡೋ?

ಎಳೆಯ ಶಿಶುವನ್ನು ತಾಯಿ ತನ್ನ ಪಾದಗಳ ಮೇಲೆ ಕುಳ್ಳಿರಿಸಿಕೊಂಡು ಶೌಚ ಮಾಡಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಅಲ್ಲಿ ಮಗುವಿಗೆ ಆಸರೆಯುಂಟು, ಅಂಜಿಕೆಯಿಲ್ಲ. ನಡೆಯಲು ಕಲಿತ ಮಗುವಿಗೆ ಪಾಟಿ ಲೇಸೋ, ದೊಡ್ಡವರ ಕಮೋಡು ಲೇಸೋ ಎಂದು ಇಂದಿನ ತಾಯಂದಿರು ಕೇಳುತ್ತಾರೆ. ಪಾದಗಳು ನೆಲೆಯೂರಿ, ಮನಸ್ಸು ನಿರ್ಭಯವಾಗಿರುವ ಆಸನವೇ ಯೋಗ್ಯವೆಂದು ನಾವು ಹೇಳುತ್ತೇವೆ. ಆದುದರಿಂದ ಆರಂಭಕ್ಕೆ ಪಾಟಿ ಲೇಸು. ಕಮೋಡಾದರೆ ಅದರ ಮೇಲೊಂದು ಚಿಕ್ಕ ಆಸನವೂ ಕಾಲ ಕೆಳಗೊಂದು ಸ್ಟೂಲೂ ಇರಲಿ.

ಹೆದರಿದ ಮಗು ಮಲವನ್ನು ತಡೆಹಿಡಿಯುತ್ತದೆ. ಅದು ಗಟ್ಟಿಯಾಗಿ ನೋಯಿಸುತ್ತದೆ. ನೋವಿಗಂಜಿ ಮಗು ಮತ್ತೆ ತಡೆಯುತ್ತದೆ. ಗದರಿಕೆಯು ಈ ಗಂಟನ್ನು ಬಿಗಿಗೊಳಿಸುವುದೇ ಹೊರತು ಸಡಿಲಿಸದು. ಸಾಮಾನ್ಯವಾಗಿ 18 ತಿಂಗಳಿಂದ 3 ವರ್ಷದೊಳಗೆ ಮಗು ತಾನೇ ಸೂಚನೆ ಕೊಡುತ್ತದೆ; ಅಲ್ಲಿಯವರೆಗೆ ತಾಳ್ಮೆ ಬೇಕು. ಪಾಟಿಯ ಮಲವನ್ನು ಪಾಯಿಖಾನೆಗೇ ಸುರಿದು, ತಾಯಿ ಮಗು ಇಬ್ಬರೂ ಸಾಬೂನಿನಿಂದ ಕೈ ತೊಳೆಯಬೇಕು. ಶುಚಿತ್ವದ ಮೊದಲ ಪಾಠ ಪ್ರೀತಿಯಿಂದಲೇ ಆರಂಭವಾಗಲಿ.