ಆಟಕ್ಕೂ ಬೇಕು ಅಂಕೆ: ಹವ್ಯಾಸಿ ಟೆನಿಸ್ ಲೀಗ್‌ಗಳಲ್ಲಿ ದರ್ಜೆಯ ಪ್ರಶ್ನೆ

ಅಂಕೆ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಒಂದು ಸಂಖ್ಯೆ, ಮತ್ತೊಂದು ಹತೋಟಿ. ಹವ್ಯಾಸಿ ಟೆನಿಸ್ ಲೀಗ್‌ಗಳಲ್ಲಿ ಆಟಗಾರರ ಸಾಮರ್ಥ್ಯವನ್ನು ಅಳೆದು ರೇಟಿಂಗ್ ನೀಡುವ ಪದ್ಧತಿಯಲ್ಲಿ ಈ ಎರಡು ಅರ್ಥಗಳೂ ಕೂಡಿಕೊಂಡಿವೆ. ಯಾರು ಯಾವ ತಂಡದಲ್ಲಿ, ಯಾವ ದರ್ಜೆಯಲ್ಲಿ ಆಡಬಹುದೆಂಬುದನ್ನು ಆ ಸಂಖ್ಯೆಯೇ ನಿರ್ಧರಿಸುತ್ತದೆ. ವಾರಾಂತ್ಯದ ಲೀಗ್‌ಗಳು ಬೆಳೆಯುತ್ತಿರುವ ಹೈದರಾಬಾದಿನಲ್ಲಿ ಈ ವಿಷಯವನ್ನು ಸಾವಧಾನವಾಗಿ ಚರ್ಚಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಟೆನಿಸ್ ಈ ನಗರಕ್ಕೆ ಹೊಸದಲ್ಲ. 2005ರ ಫೆಬ್ರವರಿಯಲ್ಲಿ ಸಾನಿಯಾ ಮಿರ್ಜಾ ತವರೂರಿನ ಹೈದರಾಬಾದ್ ಓಪನ್ ಗೆದ್ದು, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯಾದರು. 2023ರ ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ ಅವರು ಕೊಡಗಿನ ರೋಹನ್ ಬೋಪಣ್ಣನವರ ಜೊತೆಗೂಡಿ ಫೈನಲ್ ತಲುಪಿದ್ದನ್ನು ಇಲ್ಲಿನ ಕನ್ನಡಿಗರು ಇಮ್ಮಡಿ ಅಭಿಮಾನದಿಂದ ನೋಡಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಲಾಲ್ ಬಹಾದುರ್ ಕ್ರೀಡಾಂಗಣದಲ್ಲಿ ಸಾನಿಯಾ ಅವರ ವಿದಾಯದ ಪಂದ್ಯಗಳು ನಡೆದವು.

ಇತ್ತ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಸುತ್ತ ಬೆಳೆದ ಹಳೆಯ ತಲೆಮಾರಿನ ಜೊತೆಗೆ, ಸಾಫ್ಟ್‌ವೇರ್ ಉದ್ಯೋಗವನ್ನರಸಿ ಬಂದು ಗಚ್ಚಿಬೌಲಿ, ಕೊಂಡಾಪುರ, ಮಿಯಾಪುರಗಳಲ್ಲಿ ನೆಲೆಸಿದ ಹೊಸ ಕನ್ನಡ ಕುಟುಂಬಗಳೂ ಈ ನಗರದಲ್ಲಿವೆ. ಈ ಭಾಗದ ದೊಡ್ಡ ವಸತಿ ಸಮುಚ್ಚಯಗಳಲ್ಲಿ ಟೆನಿಸ್ ಅಂಗಣವಿರುವುದು ಈಗ ಸಾಮಾನ್ಯ. ಅಂಗಣವಿದ್ದಲ್ಲಿ ತಂಡ ಹುಟ್ಟುತ್ತದೆ. ಎರಡು ತಂಡಗಳು ಹುಟ್ಟಿದರೆ ಪಂದ್ಯ, ನಾಲ್ಕಾದರೆ ಲೀಗ್. ಲೀಗ್ ಎಂದ ಮೇಲೆ ಜಗಳವೂ ತಪ್ಪಿದ್ದಲ್ಲ. "ಅವರು ಹವ್ಯಾಸಿಯೇ? ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರಲ್ಲವೇ?" ಎಂಬ ಬಗೆಯ ಆಕ್ಷೇಪಣೆಗಳೇ ಅದರ ಮೂಲ.

ನಮ್ಮಲ್ಲಿ ಹಿರಿಯರ ಟೆನಿಸ್ ಸ್ಪರ್ಧೆಗಳಿಗೆ ರೂಢಿಯಲ್ಲಿರುವ ಅಳತೆಗೋಲು ವಯಸ್ಸು. ಅಂತಾರಾಷ್ಟ್ರೀಯ ಟೆನಿಸ್ ಒಕ್ಕೂಟದ ಮಾಸ್ಟರ್ಸ್ ಪಂದ್ಯಾವಳಿಗಳೂ 30 ವರ್ಷದಿಂದ ಮೊದಲುಗೊಂಡು ಐದೈದು ವರ್ಷಗಳ ಅಂತರದಲ್ಲಿ ವಿಭಾಗಗೊಂಡಿವೆ. ಸ್ಪರ್ಧಾತ್ಮಕವಾಗಿ ಆಡಿ ಬೆಳೆದವರ ಮಟ್ಟಿಗೆ ಇದು ಸರಿಯೇ. ಆದರೆ ಬಾಲ್ಯದಿಂದ ತರಬೇತಿ ಪಡೆದ 45ರ ಆಟಗಾರನೂ, ವೈದ್ಯರ ಸಲಹೆಯ ಮೇರೆಗೆ 43ನೆಯ ವಯಸ್ಸಿನಲ್ಲಿ ರ‍್ಯಾಕೆಟ್ ಹಿಡಿದ 45ರ ಆಟಗಾರನೂ ಒಂದೇ ತಕ್ಕಡಿಯಲ್ಲಿ ತೂಗುವವರಲ್ಲ. 6-0, 6-0 ಅಂತರದಲ್ಲಿ ಎರಡು ಭಾನುವಾರ ಸೋತ ಹೊಸಬರು ಮೂರನೆಯ ಭಾನುವಾರ ಅಂಗಣಕ್ಕೆ ಬರುವುದಿಲ್ಲ. ತಡವಾಗಿ ಆಟ ಕಲಿತವರು, ಅದರಲ್ಲೂ ಗೃಹಿಣಿಯರು, ಹೀಗೆಯೇ ಮೆಲ್ಲಗೆ ಹಿಂದೆ ಸರಿಯುತ್ತಾರೆ. ಇಲ್ಲಿ ನಷ್ಟವಾಗುವುದು ಒಂದು ಟ್ರೋಫಿಯಲ್ಲ, ಆಡುವ ಮನಸ್ಸು.

ಈ ಸಮಸ್ಯೆಗೆ ಅಮೆರಿಕ ಬಹು ಹಿಂದೆಯೇ ಒಂದು ಪರಿಹಾರವನ್ನು ಹುಡುಕಿಕೊಂಡಿತು. ಅಲ್ಲಿನ ಟೆನಿಸ್ ಸಂಸ್ಥೆಯಾದ ಯುಎಸ್‌ಟಿಎ 1980ರಲ್ಲಿ ಸುಮಾರು 13 ಸಾವಿರ ಆಟಗಾರರೊಡನೆ ಆರಂಭಿಸಿದ ವಯಸ್ಕರ ಲೀಗ್‌ನಲ್ಲಿ ಇಂದು ಲಕ್ಷಗಟ್ಟಲೆ ಜನ ಆಡುತ್ತಾರೆ. ಎನ್‌ಟಿಆರ್‌ಪಿ ಎಂಬ ರೇಟಿಂಗ್ ಅದರ ಬೆನ್ನೆಲುಬು. 2.5, 3.0, 3.5 ಹೀಗೆ ಅರ್ಧರ್ಧ ಅಂಕದ ಮೆಟ್ಟಿಲುಗಳು, 3.5ರ ತಂಡದಲ್ಲಿ ಅದಕ್ಕಿಂತ ಮೇಲಿನ ದರ್ಜೆಯವರಿಗೆ ಸ್ಥಾನವಿಲ್ಲ. ಹೊಸಬರು ಪ್ರಶ್ನಾವಳಿಗೆ ಉತ್ತರಿಸಿ ತಮ್ಮ ದರ್ಜೆಯನ್ನು ತಾವೇ ಘೋಷಿಸಿಕೊಳ್ಳುತ್ತಾರೆ. ಬಳಿಕ ಪ್ರತಿ ಪಂದ್ಯದ ಅಂತರವನ್ನು ನೋಡಿ ಗಣಕವು ದಶಮಾಂಶದ ಎರಡನೆಯ ಸ್ಥಾನದವರೆಗೆ ಲೆಕ್ಕವಿಡುತ್ತದೆ. ಆಟಗಾರರಿಗೆ ಕಾಣಿಸುವುದು ವರ್ಷಾಂತ್ಯದ ದರ್ಜೆ ಮಾತ್ರ. ಮಿಶ್ರ ಡಬಲ್ಸ್‌ನಲ್ಲಿ ಜೋಡಿಯ ಒಟ್ಟು ಅಂಕಕ್ಕೆ ಮಿತಿಯುಂಟು. ಮಿತಿ 8.0 ಆಗಿದ್ದರೆ 4.0 ಮತ್ತು 4.0 ಜೊತೆಯಾಗಬಹುದು, 4.5 ಮತ್ತು 3.5 ಕೂಡ ಆಗಬಹುದು. 5.0 ಮತ್ತು 3.0 ಆಗದು, ಏಕೆಂದರೆ ಇಬ್ಬರ ನಡುವೆ ಒಂದು ಅಂಕಕ್ಕಿಂತ ಹೆಚ್ಚಿನ ಅಂತರ ಇರಕೂಡದು.

ಆದರೆ ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಬಲ್ಲವರು ತಮ್ಮ ಆಟವನ್ನು ಕಡಿಮೆಯೆಂದು ಘೋಷಿಸಿಕೊಳ್ಳುವುದು, ಬೇಕೆಂದೇ ಕೆಲವು ಗೇಮ್‌ಗಳನ್ನು ಬಿಟ್ಟುಕೊಟ್ಟು ಕೆಳಗಿನ ದರ್ಜೆಯಲ್ಲೇ ಉಳಿಯುವುದು ಅಲ್ಲಿನ ಹಳೆಯ ದೂರು. ಆದ್ದರಿಂದಲೇ ಋತುವಿನ ನಡುವೆ ಮೂರು ಬಾರಿ ನಿಗದಿತ ಮಿತಿಯನ್ನು ದಾಟಿದ ಆಟಗಾರನನ್ನು ಆ ದರ್ಜೆಯಿಂದ ಹೊರಹಾಕುವ ನಿಯಮ ಅಲ್ಲಿದೆ. ದೂರು ಕೊಡುವುದಕ್ಕೂ, ಮೇಲ್ಮನವಿ ಸಲ್ಲಿಸುವುದಕ್ಕೂ ಅವಕಾಶವಿದೆ.

ಎನ್‌ಟಿಆರ್‌ಪಿ ಒಂದೇ ಮಾರ್ಗವಲ್ಲ. 2008ರಲ್ಲಿ ಅಮೆರಿಕದಲ್ಲೇ ಆರಂಭವಾದ ಯುಟಿಆರ್ 1ರಿಂದ 16.5ರವರೆಗಿನ ಅಳತೆ. ಹಿಂದಿನ 12 ತಿಂಗಳ ಗರಿಷ್ಠ 30 ಪಂದ್ಯಗಳನ್ನು ಅದು ಪರಿಗಣಿಸುತ್ತದೆ. ಅಂತಾರಾಷ್ಟ್ರೀಯ ಒಕ್ಕೂಟದ ವರ್ಲ್ಡ್ ಟೆನಿಸ್ ನಂಬರ್ ಇದಕ್ಕೆ ತಲೆಕೆಳಗು: ಹೊಸಬರಿಗೆ 40, ಅಗ್ರ ವೃತ್ತಿಪರರಿಗೆ 1ರ ಸಮೀಪ. ಸಿಂಗಲ್ಸ್‌ಗೂ ಡಬಲ್ಸ್‌ಗೂ ಅಲ್ಲಿ ಪ್ರತ್ಯೇಕ ಅಂಕಗಳಿವೆ. ಎನ್‌ಟಿಆರ್‌ಪಿಯಲ್ಲಿ 4.0 ಮಹಿಳೆ ಮತ್ತು 4.0 ಪುರುಷ ಸಮಬಲರೆಂದು ಅರ್ಥವಲ್ಲ. ಉಳಿದೆರಡರಲ್ಲಿ ಎಲ್ಲರಿಗೂ ಒಂದೇ ಅಳತೆ. ದಂಪತಿಗಳು, ಮಕ್ಕಳು ಕೂಡಿ ಆಡುವ ನಮ್ಮ ಸಮುಚ್ಚಯಗಳಿಗೆ ಒಂದೇ ಅಳತೆಯ ಪದ್ಧತಿ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅನಿಸಿಕೆ.

ರೇಟಿಂಗ್ ಎಂದರೆ ನಮ್ಮ ಮನೆಗಳಿಗೆ ಅಪರಿಚಿತವೇನಲ್ಲ. ಚದುರಂಗ ಕಲಿಯುವ ಮಕ್ಕಳ ತಂದೆತಾಯಿಗಳಿಗೆ ಅದು ನಿತ್ಯದ ಮಾತು. ಆರ್ಪಾಡ್ ಈಲೋ ರೂಪಿಸಿದ ಪದ್ಧತಿಯನ್ನು ಫಿಡೆ 1970ರಲ್ಲಿ ಸ್ವೀಕರಿಸಿತು. ವರಂಗಲ್ಲಿನ ಅರ್ಜುನ್ ಎರಿಗೈಸಿ 2024ರ ಡಿಸೆಂಬರ್ ಪಟ್ಟಿಯಲ್ಲಿ 2801 ಅಂಕ ತಲುಪಿದಾಗ ಅದರ ಅರ್ಥ ಜಗತ್ತಿಗೇ ತಿಳಿಯಿತು. ಎಲ್ಲ ಊರಿನವರೂ ಒಂದಲ್ಲ ಒಂದು ಪಂದ್ಯಾವಳಿಯಲ್ಲಿ ಪರಸ್ಪರ ಎದುರಾಗುವುದರಿಂದ ಆ ಅಂಕಕ್ಕೆ ಬೆಲೆ ಬಂದಿದೆ.

ನಮ್ಮ ತೊಡಕು ಇರುವುದು ಇಲ್ಲಿಯೇ. ಒಂದೇ ಸಮುಚ್ಚಯದ ಹನ್ನೆರಡು ಮಂದಿ ತಮ್ಮತಮ್ಮಲ್ಲೇ ಆಡಿಕೊಂಡರೆ ಅವರ ರೇಟಿಂಗ್ ಬಾವಿಯೊಳಗಿನ ಕಪ್ಪೆಯ ಲೋಕಜ್ಞಾನದಂತಾಗುತ್ತದೆ. ಮಿಯಾಪುರದ 3.5 ಸಿಕಂದರಾಬಾದಿನ 3.5ಕ್ಕೆ ಸಮವೆಂದು ಹೇಳಲು ಆಧಾರವಿರುವುದಿಲ್ಲ. ಎರಡನೆಯ ತೊಡಕು, ತಂಡದ ನಾಯಕನೇ ತನ್ನ ಆಟಗಾರರ ದರ್ಜೆಯನ್ನು ನಿರ್ಧರಿಸುವುದು. ಗೆಲ್ಲಬೇಕೆನ್ನುವವನ ಕೈಗೇ ತಕ್ಕಡಿ ಕೊಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದಂತಾದೀತು.

ಹಾಗಾದರೆ ಸಂಘಟಕರು ಮಾಡಬಹುದಾದುದೇನು? ಮೊದಲನೆಯದಾಗಿ, ಆಟಗಾರರು ತಮ್ಮ ಪೂರ್ವಚರಿತ್ರೆಯನ್ನು ಲಿಖಿತವಾಗಿ ನೀಡಲಿ. ರಾಜ್ಯ ಅಥವಾ ವಿಶ್ವವಿದ್ಯಾಲಯದ ಪರವಾಗಿ ಆಡಿದವರು ಎಷ್ಟೇ ವರ್ಷ ಆಟ ಬಿಟ್ಟಿದ್ದರೂ ಕೆಳಗಿನ ದರ್ಜೆಗೆ ನೇರವಾಗಿ ಸೇರದಿರಲಿ. ಎರಡನೆಯದಾಗಿ, ಬೇರೆ ಬೇರೆ ಸಮುಚ್ಚಯಗಳ ಮೂವರ ಸಮಿತಿ ದರ್ಜೆಗಳನ್ನು ಪರಿಶೀಲಿಸಿ, ಮೊದಲ ಪಂದ್ಯಕ್ಕೆ ಮುನ್ನವೇ ತಂಡಗಳ ಪಟ್ಟಿಯನ್ನು ಎಲ್ಲರಿಗೂ ಪ್ರಕಟಿಸಲಿ. ಮೂರನೆಯದಾಗಿ, ವರ್ಷಕ್ಕೊಮ್ಮೆಯಾದರೂ ಸಮುಚ್ಚಯಗಳ ನಡುವೆ ದರ್ಜೆವಾರು ಪಂದ್ಯಗಳು ನಡೆಯಲಿ. ಅಳತೆಗಳು ಒಂದಕ್ಕೊಂದು ಹೊಂದಿಕೊಳ್ಳಲು ಬೇರೆ ದಾರಿಯಿಲ್ಲ. ನಾಲ್ಕನೆಯದಾಗಿ, ಯಾರಾದರೂ ತಮ್ಮ ದರ್ಜೆಗಿಂತ ಸ್ಪಷ್ಟವಾಗಿ ಮೇಲೆಂದು ಮೂರು ಪಂದ್ಯಗಳಲ್ಲಿ ಕಂಡುಬಂದರೆ ಮುಂದಿನ ಪಂದ್ಯದಿಂದ ಮೇಲಿನ ದರ್ಜೆಗೆ ಹೋಗಲಿ. ಪ್ರಾಮಾಣಿಕವಾಗಿ ಘೋಷಿಸಿ ಒಂದೇ ಋತುವಿನಲ್ಲಿ ಬೆಳೆದವರ ಹಿಂದಿನ ಗೆಲುವನ್ನು ಕಿತ್ತುಕೊಳ್ಳುವುದು ಬೇಡ. ಸುಳ್ಳು ವಿವರ ನೀಡಿದ್ದರೆ ಮಾತ್ರ ಆ ಅಂಕಗಳು ರದ್ದಾಗಲಿ.

"ಕಚೇರಿಯಲ್ಲಿ ಅಪ್ರೈಸಲ್ ಸಾಲದೆಂದು ಅಂಗಣದಲ್ಲೂ ಅಪ್ರೈಸಲ್ಲೇ?" ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಂಖ್ಯೆಯೇ ಪ್ರತಿಷ್ಠೆಯಾದರೆ ಬೆಳಗಿನ ಆಟದ ಸೊಗಸು ಹೋಗುತ್ತದೆ, 3.0ರವರೊಡನೆ 4.0ರವರು ಚೆಂಡು ಹೊಡೆಯಲೂ ಒಲ್ಲದ ಸ್ಥಿತಿ ಬಂದೀತು. ಆದುದರಿಂದ ದರ್ಜೆಯು ಲೀಗ್‌ನ ಪಟ್ಟಿಗಷ್ಟೇ ಸೀಮಿತವಾಗಿರಲಿ, ದಿನನಿತ್ಯದ ಆಟಕ್ಕೆ ಅದರ ನೆರಳು ಬೀಳದಿರಲಿ. ಆದರೆ ನಿಯಮವೇ ಇಲ್ಲದ ಲೀಗ್‌ನಲ್ಲಿ ಸ್ನೇಹ ತಾನಾಗಿ ಉಳಿಯುತ್ತದೆಂಬ ನಂಬಿಕೆಯೂ ಸರಿಯಲ್ಲ. ಅಲ್ಲಿ ಗಟ್ಟಿ ದನಿಯವರದೇ ನಿಯಮವಾಗುತ್ತದೆ, ಮೆಲುದನಿಯವರು ಮನೆಗೆ ಮರಳುತ್ತಾರೆ.

ಚಳಿಗಾಲದ ಋತುವಿಗೆ ತಂಡ ಕಟ್ಟುವ ನಮ್ಮ ಬಂಧುಗಳು ಈ ಮಾತುಗಳನ್ನು ಪರಾಮರ್ಶಿಸಲೆಂದು ಕೋರುತ್ತೇವೆ. ತಂಡದ ಬಲಿಷ್ಠ ಆಟಗಾರ ಎಷ್ಟು ಪಂದ್ಯ ಗೆದ್ದನೆಂಬುದಕ್ಕಿಂತ, ಕಳೆದ ವರ್ಷ ಸೋತವರಲ್ಲಿ ಎಷ್ಟು ಮಂದಿ ಈ ವರ್ಷವೂ ಹೆಸರು ಕೊಟ್ಟರೆಂಬುದೇ ಹವ್ಯಾಸಿ ಲೀಗ್‌ನ ನಿಜವಾದ ರೇಟಿಂಗ್.