ಅಬ್ಬರದೊಳಗಿನ ಅಳಲು

ಓದುಗರು ಕ್ಷಮಿಸಬೇಕು, ಈ ವಾರ ಅಬ್ಬರದ ಸಂಗೀತವೊಂದರ ಮಾತು. ಕಳೆದ ಮಾಗಿಯಲ್ಲಿ ವಿದ್ಯಾರ್ಥಿಗಳೊಡನೆ ದಾಂಡೇಲಿಯ ಬಳಿಯ ಕುಳಗಿಯ ಪ್ರಕೃತಿ ಶಿಬಿರದಲ್ಲಿದ್ದೆ. ರಾತ್ರಿ ಊಟವಾದ ಮೇಲೆ ಹುಡುಗನೊಬ್ಬ ಕಿವಿಗೆ ತಂತಿ ಸಿಕ್ಕಿಸಿಕೊಂಡು ತಲೆದೂಗುತ್ತಿದ್ದ. ಯಾರ ಹಾಡೆಂದು ಕೇಳಿದೆ.

“ಮೆಟಾಲಿಕಾ, ಸರ್. ನೀವು ಕೇಳಿದ್ರ ಬೈತೀರಿ.”

ಕೇಳಿದೆ. ತಂತಿಯ ಮೃದುನುಡಿ ಬರಬರುತ್ತ ಕೋವಿಯ ಸಿಡಿತವಾಯಿತು. ಬೈಯಲು ಮನಸ್ಸಾಗಲಿಲ್ಲ. ಅದು ‘ಒನ್’ ಎಂಬ ಹಾಡು: ಯುದ್ಧದಲ್ಲಿ ಕೈಕಾಲು, ಕಣ್ಣು, ಕಿವಿ, ಮಾತು ಎಲ್ಲವನ್ನೂ ಕಳೆದುಕೊಂಡು ಸಾಯಲೂ ಆಗದ ಯೋಧನ ಮೊರೆ. ಡಾಲ್ಟನ್ ಟ್ರಂಬೊ ೧೯೩೯ರಲ್ಲಿ ಪ್ರಕಟಿಸಿದ ಕಾದಂಬರಿಯೇ ಅದರ ಮೂಲ. ೧೯೮೧ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಈ ಹೆವಿ ಮೆಟಲ್ ತಂಡ ೧೯೮೮ರ ಧ್ವನಿಮುದ್ರಿಕೆಯಲ್ಲಿ ಹಣಕ್ಕೆ ಮಾರಿಹೋದ ನ್ಯಾಯವನ್ನೂ ಸುಟ್ಟು ಕರಿಕಾದ ಭೂಮಿಯನ್ನೂ ಹಾಡಿತ್ತು.

“ಆಮ್ಯಾಲೆ ಬರೇ ತಮ್ಮ ಸುದ್ದೀನ ಹಾಡಾಕ್ಹತ್ತಿದ್ರು ಸರ್, ಕೆಟ್ರು” ಎಂದ ಹುಡುಗ. ಇದು ಅವನ ಅಣ್ಣನ ತೀರ್ಪು. ೨೦೧೧ರ ಅಕ್ಟೋಬರ್ ೩೦ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ತಂಡವನ್ನು ಕಣ್ಣಾರೆ ಕಂಡು ಬಂದವನಂತೆ ಆ ಅಣ್ಣ!

೧೯೯೧ರ ಧ್ವನಿಮುದ್ರಿಕೆಯಲ್ಲಿ ತಂಡ ಒಳಮುಖವಾದದ್ದು ನಿಜ. ಅದರಲ್ಲಿ ‘ದಿ ಗಾಡ್ ದಟ್ ಫೇಲ್ಡ್’ ಎಂಬ ಹಾಡಿದೆ. ಗಾಯಕ ಜೇಮ್ಸ್ ಹೆಟ್‌ಫೀಲ್ಡ್‌ನ ಮನೆಯವರದು ಔಷಧವನ್ನು ಬಿಟ್ಟು ಪ್ರಾರ್ಥನೆಯನ್ನೇ ನಂಬುವ ಪಂಥ. ಅವನ ಹದಿನಾರನೆಯ ವಯಸ್ಸಿನಲ್ಲಿ ತಾಯಿ ಕ್ಯಾನ್ಸರಿಗೆ ತುತ್ತಾದಳು. ಹರಕೆಯನ್ನು ನೆಚ್ಚಿ ವೈದ್ಯರನ್ನು ದೂರವಿಟ್ಟ ಮನೆಗಳು ನಮ್ಮಲ್ಲಿಯೂ ಇಲ್ಲವೇ? ಇದು ಬರಿಯ ಒಬ್ಬನ ಮನೆವಾರ್ತೆಯೆಂದು ನನಗನಿಸಲಿಲ್ಲ. ನ್ಯಾಯಾಲಯದ ಮೇಲೆ ಸಿಟ್ಟಾಗಬಹುದು, ಅಲ್ಲಿ ಪ್ರತಿಪಕ್ಷದವರಿರುತ್ತಾರೆ. ತೀರಿಹೋದ ತಾಯಿಯ ನಂಬಿಕೆಯ ಮೇಲೆ ಸಿಟ್ಟಾದವನು, ಆ ಸಿಟ್ಟನ್ನು ಎಲ್ಲಿಗೆ ಒಯ್ಯಬೇಕು?

ಇಲ್ಲಿಂದ ಹಳಿಯಾಳ ದಾಟಿ ಧಾರವಾಡದ ದಿಕ್ಕಿಗೆ ಹೋದರೆ ಮುಗದ ದೂರವಲ್ಲ. ‘ನರಬಲಿ’ ಕವಿತೆಗಾಗಿ ಆಂಗ್ಲ ಸರಕಾರ ಬೇಂದ್ರೆಯವರನ್ನು ಹಿಂಡಲಗಿಯ ಸೆರೆಮನೆಗೆ ಅಟ್ಟಿ, ಅನಂತರ ನಿರ್ಬಂಧದಲ್ಲಿ ಇರಿಸಿದ್ದು ಆ ಮುಗದದಲ್ಲಿಯೇ. ಅದೇ ಲೇಖನಿ ಕೂಸಿನ ಸಾವಿನ ಮುಂದೆ ಕುಳಿತ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನ ಹಾಡನ್ನೂ ಬರೆಯಿತು. ಅದನ್ನು ಕವಿಯ ಇಳಿತವೆಂದವರನ್ನು ನಾನು ಕಂಡಿಲ್ಲ.

ಹಾಗೆಂದು ಸ್ವಂತದ ಅಳಲೆಲ್ಲ ಹಾಡಾಗುವುದಿಲ್ಲ. ಇದೇ ತಂಡದ ೨೦೦೩ರ ಧ್ವನಿಮುದ್ರಿಕೆಯಲ್ಲಿ ನನಗೆ ಗೊಣಗಾಟವೇ ಹೆಚ್ಚು ಕೇಳಿಸಿತು. ಆದರೆ ೨೦೨೩ರಲ್ಲಿ, ಅರುವತ್ತರ ಹೊಸ್ತಿಲಲ್ಲಿ, ಹೆಟ್‌ಫೀಲ್ಡ್ ಮತ್ತೆ ಬಾಲ್ಯಕ್ಕೇ ಮರಳಿದ. ಆ ಧ್ವನಿಮುದ್ರಿಕೆಯ ಹೆಸರಿನಲ್ಲಿರುವ ಎಪ್ಪತ್ತೆರಡು ಋತುಗಳೆಂದರೆ ಮನುಷ್ಯನ ಮೊದಲ ಹದಿನೆಂಟು ವರ್ಷ.

ಮರುದಿನ ಬಸ್ಸಿನಲ್ಲಿ ಹುಡುಗನಿಗೆ ಇದನ್ನೆಲ್ಲ ಹೇಳಿದೆ.

“ನಮ್ಮಣ್ಣಗ ಹೇಳ್ತೇನ್ರಿ ಸರ್. ಆದ್ರ ಅಂವ ಒಪ್ಪಂಗಿಲ್ಲ” ಎಂದ.