ಜೋಕುಮಾರನ ಪರವಾಗಿ

ಸಾವು ನಗೆಯ ವಸ್ತುವಲ್ಲ, ಅಂಥ ನಗೆ ನಮ್ಮ ಸಂಸ್ಕೃತಿಗೆ ಒಗ್ಗದು ಎಂಬ ಮಾತನ್ನು ಸಭ್ಯರು ಬಹಳ ನೆಚ್ಚಿಕೊಂಡಿದ್ದಾರೆ. 2019ರ ನವೆಂಬರ್ 21ರಂದು ತೀರಿಕೊಂಡ ಅಮೆರಿಕದ ವ್ಯಂಗ್ಯಚಿತ್ರಕಾರ ಗೇಹನ್ ವಿಲ್ಸನ್ನನನ್ನು ನಾನು ನೆನೆದಾಗಲೆಲ್ಲ ಅಕ್ಕಿಆಲೂರಿನ ನನ್ನ ಮಿತ್ರರ ತೀರ್ಪು ಒಂದೇ: “ಹೆಣಾ, ದೆವ್ವಾ... ಇದೇನ್ ಹಾಸ್ಯಾನೋ ಮಾರಾಯಾ! ಇಂಥಾವು ಮನ್ಯಾಗ ಇಡಬಾರದು.”

ಈ ತೀರ್ಪನ್ನು ನಾನು ಒಪ್ಪಲಾರೆ.

1930ರಲ್ಲಿ ವಿಲ್ಸನ್ ಹುಟ್ಟಿದಾಗ ಕೂಸು ಸತ್ತಿದೆ ಎಂದೇ ಹೇಳಿದ್ದರಂತೆ. ಬಿಸಿನೀರಿನಲ್ಲೊಮ್ಮೆ, ಐಸು ನೀರಿನಲ್ಲೊಮ್ಮೆ ಅದ್ದಿ ಉಸಿರು ಬರಿಸಿದರಂತೆ. ಹಾಗೆ ಬದುಕಿಕೊಂಡವನು 89 ವರ್ಷ ಬಾಳಿದ. ‘ಪ್ಲೇಬಾಯ್’, ‘ನ್ಯೂಯಾರ್ಕರ್’ ಪತ್ರಿಕೆಗಳಲ್ಲಿ ದಶಕಗಳ ಕಾಲ ಸಾವನ್ನು ಅಣಕಿಸಿದ. ಅವನದೊಂದು ಚಿತ್ರ: ಭೂಮಿಯೆಲ್ಲ ಸುಟ್ಟು ಹಾಳಾಗಿದೆ. ಮೈತುಂಬ ಆಯುಧ ಹೊತ್ತ ಒಬ್ಬನೇ ಸೈನಿಕ ನಿಂತು, ಬಹುಶಃ ತಾನೇ ಗೆದ್ದೆನೆಂದುಕೊಳ್ಳುತ್ತಾನೆ. ಗೆಲವನ್ನು ಕಾಣಲು ಯಾರೂ ಉಳಿದಿಲ್ಲ. ಯುದ್ಧವನ್ನು ಕುರಿತು ಇದಕ್ಕಿಂತ ಗಂಭೀರವಾದ ಭಾಷಣ ಯಾವುದಿದೆ?

ಇನ್ನು ಸಂಸ್ಕೃತಿಯ ಮಾತು. ಭಾದ್ರಪದದಲ್ಲಿ ಅಂಬಿಗರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಹೊತ್ತು ತರುವ ಜೋಕುಮಾರ ಯಾರು? ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಕೊಲೆಯಾಗುವ ಪೋಲಿ ದೇವರು. ಅವನ ಹಾಡುಗಳನ್ನು ಕೇಳಿ ನಮ್ಮ ಅಜ್ಜಿಯರು ನಕ್ಕರು, ಅವನ ಬಾಯಿಗೆ ಬೆಣ್ಣೆ ಸವರಿ ಮೊರದಲ್ಲಿ ಜೋಳ ನೀಡಿದರು. ಯಾರೂ ಅಪಶಕುನವೆನ್ನಲಿಲ್ಲ. ಕಥೆಯನ್ನೂ ನೆನೆಯಿರಿ. ಕಡುಬು ತಿಂದು ಹೋದ ಗಣಪ ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ಶಿವನಿಗೆ ಹೇಳಿದ. ಮಳೆಯಿಲ್ಲ, ಜನ ಸಾಯುತ್ತಿದ್ದಾರೆ ಎಂದು ನಿಜ ಹೇಳಿದವನು ಜೋಕುಮಾರ. ಮಳೆ ಬಂದುದು ಅವನ ಮಾತಿನಿಂದ.

ಹೆಣದ ಮನೆಯವರನ್ನು ಕಂಡು ನಗುವುದು ಕ್ರೌರ್ಯ, ಸರಿ. ಆದರೆ ಕೊಂದವರನ್ನು ಕಂಡು ನಗುವುದು? 2008ರ ಮೇ 30ರಂದು ಮುಖ್ಯಮಂತ್ರಿಗಳು ದೇವರೊಡನೆ ರೈತರ ಹೆಸರನ್ನೂ ಹೇಳಿ ಪ್ರಮಾಣವಚನ ಸ್ವೀಕರಿಸಿದರು. ಹನ್ನೊಂದನೆಯ ದಿನ, ಜೂನ್ 10ರಂದು, ನಮ್ಮ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರ ಗುಂಡು ಹಾರಿತು, ಜೀವ ಹೋಯಿತು. ಈ ಹನ್ನೊಂದು ದಿನಗಳ ಅಂತರವನ್ನು ಬರೆಯಲು ಸೌಮ್ಯ ಹಾಸ್ಯದ ಕುಂಚ ಸಾಲದು. ಅಲ್ಲಿ ವಿಲ್ಸನ್ನನ ಕಪ್ಪು ಮಸಿಯೇ ಬೇಕು.

ರಾಜಕಾರಣಿಯ ಮೂಗನ್ನು ಕೊಂಚ ಉದ್ದ ಮಾಡಿ, ಅವನೂ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳುವಂತೆ ಬರೆಯುವುದು ಗಣಪನ ವರದಿ. ಕಡುಬು ಸಿಕ್ಕೀತು, ಮಳೆ ಬಾರದು. ಮುಂಜಾನೆಯ ಚಹದೊಡನೆ ಹಿತವಾದ ಚಿತ್ರವನ್ನೇ ಬೇಡುವ ನಾವು ಓದುಗರೂ ಈ ಕಡುಬಿನಲ್ಲಿ ಪಾಲುದಾರರು. ಪತ್ರಿಕೆಯ ಮೂಲೆಯಲ್ಲಿ ಜೋಕುಮಾರನಿಗೂ ಒಂದು ಬುಟ್ಟಿಯಷ್ಟು ಜಾಗವಿರಲಿ.